ಬಾಲ ಕತ್ತರಿಸಿದರೆ ಬಡ್ತಿ: ನೈಟ್‌ಗಳ ಬಾವುಟದ ಲೆಕ್ಕ

ಎರಡು ಬಾವುಟ ಊಹಿಸಿಕೊಳ್ಳಿ. ಒಂದರ ತುದಿ ಬಾಲದ ಹಾಗೆ ಚೂಪಾಗಿದೆ. ಇನ್ನೊಂದು ಚೌಕ. 14ನೇ ಶತಮಾನದ ಇಂಗ್ಲಿಷ್ ಸೈನ್ಯದಲ್ಲಿ ಈ ತುದಿ ನೋಡಿದರೇ ಸಾಕು, ಒಬ್ಬ ನೈಟ್‌ನ (ಅಂದ್ರೆ 'ಸರ್' ಬಿರುದು ಪಡೆದ ಕುದುರೆ ಸವಾರ ಯೋಧನ) ದರ್ಜೆ, ದಿನದ ಸಂಬಳ ಎರಡೂ ಗೊತ್ತಾಗೋದು.

ಚೂಪು ಬಾವುಟದವನು ನೈಟ್ ಬ್ಯಾಚುಲರ್. ಮದುವೆ ಆಗದವನು ಅಂದ್ಕೋಬೇಡಿ, ಹೆಂಡತಿ ಮಕ್ಕಳು ಇದ್ದವನೂ ಬ್ಯಾಚುಲರೇ. ನೈಟ್‌ಗಳಲ್ಲಿ ಅದು ಮೊದಲ ಮೆಟ್ಟಿಲು, ಅಷ್ಟೇ. ದಿನಕ್ಕೆ 2 ಶಿಲಿಂಗ್. ಚೌಕ ಬಾವುಟದವನು ಬ್ಯಾನರೆಟ್, ಬೇರೆ ನೈಟ್‌ಗಳನ್ನೂ ತನ್ನ ಬಾವುಟದಡಿ ಕರ್ಕೊಂಡು ಬರೋನು. ಅವನಿಗೆ 4 ಶಿಲಿಂಗ್. ಇನ್ನೂ ನೈಟ್ ಆಗದ ಸ್ಕ್ವೈರ್‌ಗೆ 1, ಕುದುರೆ ಇರೋ ಬಿಲ್ಲುಗಾರನಿಗೆ 6 ಪೆನ್ನಿ, ಅಂದ್ರೆ ಅರ್ಧ ಶಿಲಿಂಗ್. ಒಂದೊಂದು ಮೆಟ್ಟಿಲಿಗೂ ದುಪ್ಪಟ್ಟು.

ಹಾಗಾದ್ರೆ ಎಲ್ಲರೂ ಯಾಕೆ ಮೇಲೆ ಹತ್ತಲಿಲ್ಲ? ಯುದ್ಧದ ಕುದುರೆ, ಕವಚ, ಆಳುಗಳು, ಎಲ್ಲದಕ್ಕೂ ದುಡ್ಡು ಬೇಕು. ಅದು ಬರಬೇಕಾದ್ದು ಜಮೀನಿಂದ. ಹಿಂದಿನ ಶತಮಾನದಲ್ಲೇ ರಾಜರು ವರ್ಷಕ್ಕೆ 20 ಪೌಂಡ್, ಆಮೇಲೆ 40 ಪೌಂಡ್ ಹುಟ್ಟುವಳಿ ಇರೋ ಜಮೀನ್ದಾರರಿಗೆ ನೈಟ್ ಆಗಲೇಬೇಕು, ಇಲ್ಲಾಂದ್ರೆ ದಂಡ ಕಟ್ಟಿ ಅಂತ ಆಜ್ಞೆ ಹೊರಡಿಸಿದ್ರು. ಎಷ್ಟೋ ಜನ ದಂಡವನ್ನೇ ಕಟ್ಟಿದ್ರು!

ಬಡ್ತಿ ಕೊಡೋದು ಹೆಚ್ಚಾಗಿ ರಣರಂಗದಲ್ಲೇ. ರಾಜನೋ ಸೇನಾಪತಿಯೋ ಬಾವುಟದ ಬಾಲ ಕತ್ತರಿಸಿ ಚೌಕ ಮಾಡಿ ಕೈಗೆ ಕೊಡೋದು ಒಂದು ಪದ್ಧತಿ. ಸುತ್ತಿಟ್ಟ ಬಾವುಟವನ್ನ ಒಡೆಯನ ಕೈಯಿಂದಲೇ ಬಿಚ್ಚಿಸಿಕೊಳ್ಳೋದು ಇನ್ನೊಂದು.

1367ರ ಏಪ್ರಿಲ್ 3, ಸ್ಪೇನ್‌ನ ನಾಹೆರಾ. ಇಂಗ್ಲಿಷ್ ನೈಟ್ ಸರ್ ಜಾನ್ ಚಾಂಡೋಸ್ ತನ್ನ ಬಾವುಟ ಸುತ್ತಿಕೊಂಡು, 'ಬ್ಲಾಕ್ ಪ್ರಿನ್ಸ್' ಅಂತ ಹೆಸರಾದ ಇಂಗ್ಲೆಂಡಿನ ಯುವರಾಜ ಎಡ್ವರ್ಡ್ ಮುಂದೆ ಬಂದ. ಅಂದ ಹಾಗೆ, ಕರೆಯುವಾಗ 'ಸರ್ ಜಾನ್' ಅನ್ನಬೇಕು, 'ಸರ್ ಚಾಂಡೋಸ್' ಅಂದ್ರೆ ತಪ್ಪು. 'ಸರ್' ಅಂಟೋದು ಸ್ವಂತ ಹೆಸರಿಗೆ, ಮನೆತನದ ಹೆಸರಿಗಲ್ಲ. ವಿಶ್ವೇಶ್ವರಯ್ಯನವರಿಗೆ 1915ರಲ್ಲಿ ಕೆ.ಸಿ.ಐ.ಇ. ಅನ್ನೋ ಬ್ರಿಟಿಷ್ ನೈಟ್ ಪದವಿ ಜೊತೆ ಬಂದ 'ಸರ್' ಕೂಡ ಇದೇ ವಂಶದ್ದು.

ಚಾಂಡೋಸ್ ಸಾಮಾನ್ಯನಲ್ಲ. 1348ರ ಹೊತ್ತಿಗೆ ಶುರುವಾದ, ಇಂಗ್ಲೆಂಡಿನ ನೈಟ್‌ಗಳ ಅತಿ ದೊಡ್ಡ ಗೌರವವಾದ ಗಾರ್ಟರ್ ಪದವಿಯ ಮೊದಲ ಸದಸ್ಯರಲ್ಲಿ ಒಬ್ಬ. ಆದ್ರೂ ಬ್ಯಾನರೆಟ್ ಆಗಿರಲಿಲ್ಲ. ಅವತ್ತು ಅವನು ಮೊದಲು ಹೇಳಿದ್ದು ಶೌರ್ಯದ ಮಾತಲ್ಲ, ಈ ದರ್ಜೆ ಉಳಿಸ್ಕೊಳ್ಳೋಷ್ಟು ಜಮೀನು ದೇವರ ದಯೆಯಿಂದ ನನಗಿದೆ ಅಂತ. ಎಡ್ವರ್ಡ್ ಬಾವುಟ ಬಿಚ್ಚಿದ. ಬಿಳಿ ಬಟ್ಟೆ, ಮೇಲಿಂದ ಕೆಳಕ್ಕೆ ಚೂಪಾಗುತ್ತಾ ಇಳಿಯೋ ಕೆಂಪು ಬೆಣೆ. ಚಾಂಡೋಸ್ ಅದನ್ನ ಕೋಲಿನ ಸಮೇತ ತನ್ನವರ ಹತ್ತಿರ ಒಯ್ದು, ಇದು ನಿಮ್ಮದೂ ಹೌದು, ಕಾಪಾಡಿ ಅಂದ. ಆಮೇಲೆ ಎಲ್ಲರೂ ಕುದುರೆ ಬಿಟ್ಟು ಕಾಲ್ನಡಿಗೆಯಲ್ಲೇ ಯುದ್ಧಕ್ಕೆ ನಡೆದರು.