ಸೂಲಗಿತ್ತಿ ನರಸಮ್ಮ ಅಜ್ಜಿಯ ಕೈಕೆಲಸ

ಕೇಳುಗರಿಗೆ ನಮಸ್ಕಾರ.

ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು ತೀರಿಕೊಂಡದ್ದು 2018ರ ಡಿಸೆಂಬರ್ 25ರಂದು, 98ರ ವಯಸ್ಸಿನಲ್ಲಿ. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. ಅದಕ್ಕೂ ಮೊದಲು, 2014ರಲ್ಲಿ, ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತ್ತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ ತಾಯಿ, ಕೂಲಿ ಕೇಳದ ತಾಯಿ ಎಂದು ಎಲ್ಲರೂ ಅವರನ್ನು ಕೊಂಡಾಡುತ್ತಾರೆ. ಅದು ನಿಜ. ಆದರೆ ಅಂಥ ಒಂದೊಂದು ಹೆರಿಗೆಯಲ್ಲೂ ಸೂಲಗಿತ್ತಿಯ ಕೈ ಏನು ಮಾಡುತ್ತದೆ, ಏನೂ ಮಾಡದೆ ಎಷ್ಟು ಹೊತ್ತು ಕಾಯುತ್ತದೆ ಎಂಬುದನ್ನು ಬಿಟ್ಟು ಅವರನ್ನು ನೆನೆದರೆ ನೆನಪು ಅರ್ಧಕ್ಕೇ ನಿಲ್ಲುತ್ತದೆ.

ನರಸಮ್ಮನವರಿಗೆ ಈ ವಿದ್ಯೆ ಬಂದದ್ದು ಅವರ ಅಜ್ಜಿ ಮರಿಗೆಮ್ಮನವರಿಂದ. ಹನ್ನೆರಡನೇ ವಯಸ್ಸಿಗೇ ಮದುವೆ, ಹನ್ನೆರಡು ಮಕ್ಕಳು. ಅವರ ಕೆಲವು ಹೆರಿಗೆಗಳನ್ನು ಆ ಅಜ್ಜಿಯೇ ಮಾಡಿಸಿದವರು. 1940ರಲ್ಲಿ, ಇಪ್ಪತ್ತರ ಹರೆಯದಲ್ಲಿ, ನರಸಮ್ಮನವರು ಮೊದಲ ಸಲ ತಮ್ಮ ಮನೆಯ ಹೆಣ್ಣುಮಗಳೊಬ್ಬರ ಹೆರಿಗೆಗೆ ನಿಂತರು. ಊರಿಗೆ ಬರುತ್ತಿದ್ದ ಅಲೆಮಾರಿ ಜನರಿಂದ ಸೊಪ್ಪು, ಬೇರಿನ ಔಷಧ ಕಲಿತರು. ಪಾವಗಡ ಆಂಧ್ರದೊಳಕ್ಕೆ ಚಾಚಿಕೊಂಡ ಬರಡು ಸೀಮೆ. ಆಗ ರಸ್ತೆಯಿಲ್ಲ, ಆಸ್ಪತ್ರೆ ದೂರ. ಬೇನೆ ಶುರುವಾದ ಮನೆಗೆ ನಡೆದು ಬರುವ ಅಜ್ಜಿಯೇ ಗತಿ.

ಹೊಟ್ಟೆ ಮುಟ್ಟಿ ಮಗುವಿನ ಸ್ಥಿತಿ ಹೇಳುವುದರಲ್ಲಿ ನರಸಮ್ಮನವರು ಹೆಸರುವಾಸಿ. ಇದು ಪವಾಡವೇನಲ್ಲ, ಕಲಿತು ಬರುವ ವಿದ್ಯೆ. ಐದನೇ ತಿಂಗಳ ಹೊತ್ತಿಗೆ ಗರ್ಭಕೋಶದ ಮೇಲಂಚು ಹೊಕ್ಕುಳ ಮಟ್ಟಕ್ಕೆ ಬರುತ್ತದೆ, ಒಂಬತ್ತರಲ್ಲಿ ಪಕ್ಕೆಲುಬಿನ ಕೆಳಗೆ ಮುಟ್ಟುತ್ತದೆ. ಬಸುರಿಯನ್ನು ಅಂಗಾತ ಮಲಗಿಸಿ, ಮಂಡಿ ಮಡಿಸಿಸಿ, ಕೈ ಬೆಚ್ಚಗೆ ಮಾಡಿಕೊಂಡು ನೋಡಬೇಕು. ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯಾಗುತ್ತದೆ, ಏನೂ ತಿಳಿಯುವುದಿಲ್ಲ. ಗುಂಡಗೆ ಗಟ್ಟಿಯಾಗಿದ್ದು, ಎರಡು ಕೈಯ ನಡುವೆ ತಾನೊಂದೇ ಅಲುಗಿದರೆ ಅದು ತಲೆ. ಮೆತ್ತಗಿದ್ದು, ಅಲುಗಿಸಿದಾಗ ಮೈಯೆಲ್ಲ ಜೊತೆಗೆ ಬಂದರೆ ಅದು ಕುಂಡಿ. ಒಂದು ಪಕ್ಕ ನುಣುಪಾಗಿ ಉದ್ದಕ್ಕೆ ಸಿಕ್ಕುವುದು ಬೆನ್ನು, ಇನ್ನೊಂದು ಪಕ್ಕ ಗಂಟುಗಂಟಾಗಿ ಸಿಕ್ಕುವುದು ಕೈಕಾಲು. ದಿನ ತುಂಬಿದಾಗಲೂ ತಲೆ ಕೆಳಗಿರದೆ ಮಗು ಅಡ್ಡ ಮಲಗಿದ್ದರೆ ಮನೆಯಲ್ಲಿ ಒಂದು ಗಳಿಗೆಯೂ ಕಾಯಬಾರದು. ಅಡ್ಡ ಕೂಸು ತಾನಾಗಿ ಹುಟ್ಟಲಾರದು. ಬಲ್ಲ ಸೂಲಗಿತ್ತಿ ಇದನ್ನು ಬೇನೆ ಬರುವುದಕ್ಕೆ ಮೊದಲೇ ಹೇಳಿಬಿಡುತ್ತಾಳೆ. ಇದೇ ಈ ವಿದ್ಯೆಯ ದೊಡ್ಡಸ್ತಿಕೆ ಎಂದು ನನ್ನ ಎಣಿಕೆ.

ಇನ್ನು ಕಾಯುವುದು. ಚೊಚ್ಚಲ ಹೆರಿಗೆ ಹನ್ನೆರಡು ತಾಸು, ಕೆಲವೊಮ್ಮೆ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಸುಳ್ಳು ಬೇನೆ ಬಂದು ಹೋಗುತ್ತದೆ. ನಿಜವಾದ ಬೇನೆ ಸೊಂಟದಿಂದ ಮುಂದಕ್ಕೆ ಬರುತ್ತದೆ, ನಡುವಿನ ಬಿಡುವು ಕಡಿಮೆಯಾಗುತ್ತಾ ಹೋಗುತ್ತದೆ, ಓಡಾಡಿದರೂ ನಿಲ್ಲುವುದಿಲ್ಲ. ಅಲ್ಲಿಯವರೆಗೆ ಬಸುರಿ ನಡೆದಾಡಲಿ, ನೀರು, ಗಂಜಿ ಕುಡಿಯಲಿ, ಆಗಾಗ ಉಚ್ಚೆ ಹೊಯ್ದು ಬರಲಿ. ಮೂತ್ರಚೀಲ ತುಂಬಿದ್ದರೆ ಮಗುವಿನ ತಲೆ ಇಳಿಯಲು ಅಡ್ಡಿ. ಗರ್ಭಕೋಶದ ಬಾಯಿ ಪೂರ್ತಿ ಬಿಡುವ ಮೊದಲೇ ಮುಕ್ಕರಿ, ಮುಕ್ಕರಿ ಎಂದು ಅವಸರಪಡಿಸಿದರೆ ಬಾಯಿ ಊದಿಕೊಳ್ಳುತ್ತದೆ. ತಾಯಿ ಸುಸ್ತಾಗಿ, ನಿಜವಾಗಿ ಶಕ್ತಿ ಬೇಕಾದಾಗ ಅವಳಲ್ಲಿ ತ್ರಾಣವಿರುವುದಿಲ್ಲ. ಮೇಲಿನಿಂದ ಹೊಟ್ಟೆ ಒತ್ತುವುದು, ಬೇನೆ ಜೋರಾಗಲೆಂದು ಯಾರಿಂದಲೋ ಸೂಜಿ ಹಾಕಿಸುವುದು, ಎರಡೂ ಗರ್ಭಕೋಶ ಹರಿದುಹೋಗುವ ದಾರಿ.

ತಲೆ ಕಾಣಿಸಿದಾಗ ಕೈಯ ಕೆಲಸ ಎಳೆಯುವುದಲ್ಲ, ತಡೆಯುವುದು. ಮುಕ್ಕರಿಯುವುದನ್ನು ನಿಲ್ಲಿಸಿ, ಬಾಯಲ್ಲಿ ಸಣ್ಣಗೆ ಉಸಿರುಬಿಡಲು ಹೇಳಿ, ಒಂದು ಅಂಗೈ ತಲೆಯ ಮೇಲೆ, ಇನ್ನೊಂದು ಶುಭ್ರ ಬಟ್ಟೆಯೊಂದಿಗೆ ಕೆಳಗೆ ಆಧಾರವಾಗಿ ಇಡಬೇಕು. ತಲೆ ನಿಧಾನವಾಗಿ ಹೊರಬಂದರೆ ತಾಯಿಯ ಮೈ ಹರಿದು ಗಾಯವಾಗುವುದು ಕಡಿಮೆ. ತಲೆ ಬಂದೊಡನೆ ಕೊರಳ ಸುತ್ತ ಬೆರಳಾಡಿಸಿ ನೋಡಬೇಕು. ಹೊಕ್ಕುಳ ಬಳ್ಳಿ ಸಡಿಲವಾಗಿ ಸುತ್ತಿದ್ದರೆ ತಲೆಯ ಮೇಲಿಂದ ತೆಗೆದುಬಿಡಬಹುದು.

ಹುಟ್ಟಿದ ಕೂಸನ್ನು ತಲೆಕೆಳಗೆ ಹಿಡಿದು ಬಡಿಯುವುದು ಬೇಡ. ಒಣಬಟ್ಟೆಯಿಂದ ಬೆನ್ನು, ಮೈ ಒರೆಸಿದರೆ ಬಹುಪಾಲು ಕೂಸುಗಳು ಅಳುತ್ತವೆ. ಒದ್ದೆ ಬಟ್ಟೆ ಬಿಸಾಡಿ, ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಹಾಕಿ ಹೊದಿಸಬೇಕು. ಬಳ್ಳಿಯನ್ನು ಒಂದರಿಂದ ಮೂರು ನಿಮಿಷ, ಮಿಡಿತ ನಿಲ್ಲುವ ತನಕ, ಹಾಗೇ ಬಿಡಬೇಕು. ಆಮೇಲೆ ಕುದಿಸಿದ ದಾರದಿಂದ ಎರಡು ಕಡೆ ಬಿಗಿಯಾಗಿ ಕಟ್ಟಿ, ನಡುವೆ ಹೊಸ ಬ್ಲೇಡಿನಿಂದ ಕತ್ತರಿಸಬೇಕು. ಕುಡುಗೋಲಿನಿಂದ ಕೊಯ್ದು, ಗಾಯಕ್ಕೆ ಬೂದಿ ಸಗಣಿ ಮೆತ್ತಿದ ಕಾಲದಲ್ಲಿ ಕೂಸುಗಳು ಕೆಲವು ದಿನಗಳಲ್ಲಿ ಹಾಲು ಚೀಪಲಾರದೆ, ಮೈ ಬಿಗಿದು ಸಾಯುತ್ತಿದ್ದವು. ಅದು ದೃಷ್ಟಿಯಲ್ಲ, ಧನುರ್ವಾಯು. ಬಸುರಿಯರಿಗೆ ಚುಚ್ಚುಮದ್ದು ಮತ್ತು ಶುಚಿಯಾದ ಹೆರಿಗೆ, ಇವೆರಡರಿಂದ ಭಾರತ 2015ರಲ್ಲಿ ಬಾಣಂತಿ, ಶಿಶುಗಳ ಧನುರ್ವಾಯುವನ್ನು ನಿರ್ಮೂಲನ ಮಾಡಿದ ದೇಶವೆನಿಸಿತು.

ಕೂಸು ಬಂತೆಂದು ಮನೆಯವರು ಸಂಭ್ರಮಿಸುವಾಗ ಬಲ್ಲ ಅಜ್ಜಿ ಮಾತ್ರ ತಾಯಿಯನ್ನೇ ನೋಡುತ್ತಿರುತ್ತಾಳೆ. ಕೂಸಿನ ಹಿಂದೆ ಬರುವ ಮಾಸು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಬೀಳುತ್ತದೆ. ತಡವಾಯಿತೆಂದು ಬಳ್ಳಿ ಹಿಡಿದು ಜಗ್ಗಿದರೆ ಗರ್ಭಕೋಶವೇ ಮಗುಚಿ ಹೊರಬರಬಹುದು. ಬಿದ್ದ ಮಾಸನ್ನು ಅಗಲವಾಗಿ ಹರಡಿ, ತಾಯಿಯ ಕಡೆಗಿದ್ದ ಒರಟು ಮೈಯನ್ನು ಮೇಲೆ ಮಾಡಿ, ಚೂರು ಎಲ್ಲಾದರೂ ಕಿತ್ತುಹೋಗಿದೆಯೇ ಎಂದು ನೋಡಬೇಕು. ಒಳಗೆ ಚೂರು ಉಳಿದರೆ ಗರ್ಭಕೋಶ ಮುದುಡುವುದಿಲ್ಲ, ರಕ್ತ ನಿಲ್ಲುವುದಿಲ್ಲ. ಹೊಕ್ಕುಳ ಹತ್ತಿರ ಕೈಯಿಟ್ಟರೆ ಗರ್ಭಕೋಶ ಗಟ್ಟಿ ಉಂಡೆಯಾಗಿ ಸಿಗಬೇಕು; ಮೆತ್ತಗಿದ್ದರೆ ಗಟ್ಟಿಯಾಗುವವರೆಗೆ ಮೇಲಿನಿಂದ ಉಜ್ಜಬೇಕು. ಅರ್ಧ ಲೀಟರ್ ಮೀರಿ ರಕ್ತ ಹೋದರೆ ಅಪಾಯ. ಬಟ್ಟೆಯ ಮೇಲೆ ಬಿದ್ದ ರಕ್ತ ಯಾವಾಗಲೂ ಕಣ್ಣಿಗೆ ಕಡಿಮೆಯಾಗಿಯೇ ಕಾಣುತ್ತದೆ. ಅನುಮಾನ ಬಂದ ಕ್ಷಣವೇ 108ಕ್ಕೆ ಫೋನ್ ಮಾಡಿ, ಕೂಸನ್ನು ಮೊಲೆಗೆ ಹಚ್ಚಿ, ಗರ್ಭಕೋಶ ಉಜ್ಜುತ್ತಲೇ ಹೊರಡಬೇಕು. ಇವತ್ತು ಹೆರಿಗೆ ಆಸ್ಪತ್ರೆಯಲ್ಲೇ ಆಗಬೇಕು ಎನ್ನುವುದು ಇದಕ್ಕೇ: ರಕ್ತಸ್ರಾವ ಯಾರಿಗೆ ಆಗುತ್ತದೆಂದು ಮುಂಚೆ ಹೇಳಲು ಯಾವ ಕೈಗೂ ಸಾಧ್ಯವಿಲ್ಲ.

ಬಾಣಂತನದ ಮಾತು ಚಿಕ್ಕದಾಗಿ. ಮೊದಲ ಹಳದಿ ಹಾಲನ್ನು ಹಿಂಡಿ ಚೆಲ್ಲಬಾರದು, ಒಂದು ತಾಸಿನೊಳಗೆ ಕುಡಿಸಬೇಕು. ಜೇನು, ಸಕ್ಕರೆ ನೀರು ಬೇಡ. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪಿನ ಊಟ ಒಳ್ಳೆಯದೇ. ಬಾಣಂತಿಗೆ ನೀರು ಕೊಡದಿರುವುದು ಮಾತ್ರ ತಪ್ಪು. ಬಾಗಿಲು ಮುಚ್ಚಿದ ಕೋಣೆಯಲ್ಲಿ ಕೆಂಡದ ಹೊಗೆ ಹಾಕಿದರೆ ಕೂಸಿನ ಉಸಿರಿಗೆ ಕೇಡು.

ನರಸಮ್ಮನವರಂಥ ಅಜ್ಜಿಯರು ಈಗಲೂ ಕೆಲವು ಊರುಗಳಲ್ಲಿದ್ದಾರೆ. ಹೆರಿಗೆ ಆಸ್ಪತ್ರೆಯಲ್ಲಾಗಲಿ, ಅವರ ತಿಳಿವಳಿಕೆ ಮಾತ್ರ ಬರಹಕ್ಕೆ ಇಳಿಯಲಿ. ಬರಿ ಮಾತಿನಲ್ಲಿ ಕೇಳಿದರೆ ಅರ್ಧ ಬಿಟ್ಟುಹೋಗುತ್ತದೆ. ಬಟ್ಟೆಯ ಗೊಂಬೆಯೊಂದನ್ನು ಕೈಗೆ ಕೊಟ್ಟು, ಮಾಡಿ ತೋರಿಸಿ ಅಜ್ಜಿ ಎಂದು ಕೇಳಿ, ಫೋನಿನಲ್ಲಿ ಚಿತ್ರೀಕರಿಸಿ. ಸೊಪ್ಪು ಒಂದು ಹಿಡಿ ಎಂದರೆ ಆ ಹಿಡಿಯನ್ನು ತಕ್ಕಡಿಯಲ್ಲಿ ತೂಗಿ ಗ್ರಾಂ ಬರೆದಿಡಿ. ಸೊಪ್ಪಿನ ಹೆಸರು ಊರಿಂದೂರಿಗೆ ಬದಲಾಗುತ್ತದೆ. ಹಾಗಾಗಿ ಗಿಡದ ರೆಂಬೆಯನ್ನೇ ಹೂವು ಕಾಯಿ ಸಮೇತ ತಂದು, ದಿನಪತ್ರಿಕೆಯ ಹಾಳೆಗಳ ನಡುವೆ ಒತ್ತಿ ಒಣಗಿಸಿ, ಸಿಕ್ಕ ಜಾಗ ಮತ್ತು ತಾರೀಖು ಬರೆದು, ಹತ್ತಿರದ ಕಾಲೇಜಿನ ಸಸ್ಯಶಾಸ್ತ್ರ ವಿಭಾಗಕ್ಕೆ ತೋರಿಸಿ. ಕೆಲವು ಬೇರುಗಳು ಬಸಿರನ್ನೇ ಇಳಿಸಿಬಿಡುತ್ತವೆ. ಆದ್ದರಿಂದ ವೈದ್ಯರನ್ನು ಕೇಳದೆ ಯಾವ ಕಷಾಯವನ್ನೂ ಬಸುರಿಗೆ ಕುಡಿಸಬೇಡಿ.

ನಮಸ್ಕಾರ.