ಉಳಿದ ಅವಧಿಯ ಮತ

ಕೇಳುಗರಿಗೆ ನಮಸ್ಕಾರ. ಚಿಕ್ಕಬಳ್ಳಾಪುರದ ಹೂವಿನ ಮಾರುಕಟ್ಟೆಯಲ್ಲಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಹರಾಜಿನಲ್ಲಿ ಈ ಮಾತು ಕೇಳುತ್ತಿರುವವರಿಗೆ ನಾನು ಹೇಳಬೇಕಾದದ್ದು ಒಂದೇ: ಉಪಚುನಾವಣೆಯಲ್ಲಿ ನೀವು ಹಾಕುವುದು ಉಳಿದ ಅವಧಿಯ ಮತ.

ಶಾಸಕರು ಸ್ವಇಚ್ಛೆಯಿಂದ ಕೊಟ್ಟ ರಾಜೀನಾಮೆಯನ್ನು ಸಭಾಧ್ಯಕ್ಷರು ಅಂಗೀಕರಿಸಿದರೆ ಸ್ಥಾನ ತೆರವಾಗುತ್ತದೆ. ಆರು ತಿಂಗಳೊಳಗೆ ಚುನಾವಣೆ ನಡೆಯಬೇಕು. ಗೆದ್ದವರಿಗೆ ಹೊಸದಾಗಿ ಐದು ವರ್ಷ ಸಿಗುವುದಿಲ್ಲ, ಉಳಿದಷ್ಟೇ ಅವರದು.

2019ರ ಜುಲೈನಲ್ಲಿ ನಮ್ಮ ಚಿಕ್ಕಬಳ್ಳಾಪುರದ ಕಾಂಗ್ರೆಸ್ ಶಾಸಕ ಡಾ. ಕೆ. ಸುಧಾಕರ್ ರಾಜೀನಾಮೆ ಪತ್ರ ಕೊಟ್ಟರು. ಆಗಿನ ಸಭಾಧ್ಯಕ್ಷರು ಪಕ್ಕದ ಶ್ರೀನಿವಾಸಪುರದ ರಮೇಶ್ ಕುಮಾರ್. ಅವರು ಆ ರಾಜೀನಾಮೆಯನ್ನು ಅಂಗೀಕರಿಸದೆ, ಪಕ್ಷಾಂತರ ನಿಷೇಧ ಕಾನೂನಿನಡಿ ಸುಧಾಕರ್ ಅವರನ್ನು ಅನರ್ಹಗೊಳಿಸಿದರು; ಸ್ಥಾನ ಹಾಗೂ ತೆರವಾಯಿತು. ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿಯಿತು, ಆದರೆ ಮತ್ತೆ ಸ್ಪರ್ಧಿಸಲು ಅಡ್ಡಿಯಿಲ್ಲ ಎಂದಿತು. ಡಿಸೆಂಬರ್ 5ರಂದು ಮತದಾನ.

ಆ ಬೆಳಿಗ್ಗೆ ನಾನು ಮತ ಹಾಕಿ ಹೊರಬಂದಾಗ ನಮ್ಮ ಬೀದಿಯ ಹಿರಿಯರೊಬ್ಬರು ಸೇವಂತಿಗೆಯ ಖಾಲಿ ಬುಟ್ಟಿ ಹಿಡಿದು ಮನೆಯ ಕಡೆ ಹೊರಟಿದ್ದರು. ಮತಗಟ್ಟೆಯತ್ತ ತಿರುಗಿಯೂ ನೋಡಲಿಲ್ಲ. ‘ಹೋದ ವರ್ಷ ಮೇ ತಿಂಗಳಲ್ಲಿ ಹಾಕಿದೆ, ಈ ಏಪ್ರಿಲ್‌ನಲ್ಲಿ ಲೋಕಸಭೆಗೆ ಹಾಕಿದೆ, ಇನ್ನೆಷ್ಟು ಸಲ?’ ಎಂದು ರೇಗಿದರು. ನನಗೂ ಸಿಟ್ಟು ಬಂತು. ‘ನಿಮ್ಮ ದ್ರಾಕ್ಷಿ ತೋಟವನ್ನು ಐದು ವರ್ಷಕ್ಕೆ ಗುತ್ತಿಗೆ ಕೊಟ್ಟಿದ್ದಿರಲ್ಲ, ಆತ ನಡುವೆ ಬಿಟ್ಟು ಹೋದಾಗ ಏನು ಮಾಡಿದಿರಿ?’ ಎಂದು ಕೇಳಿದೆ. ಅವರು ಬುಟ್ಟಿ ಕೆಳಗಿಟ್ಟರು. ‘ಉಳಿದ ವರ್ಷಗಳಿಗೆ ಬೇರೆಯವರನ್ನು ಗೊತ್ತುಮಾಡಿದೆ. ಬಳ್ಳಿ ಒಣಗಲಿ ಎಂದು ಬಿಡಲಾಗುತ್ತದೆಯೇ? ಕಲ್ಲುಕಂಬ, ತಂತಿ, ಕೊಳವೆಬಾವಿ ಎಲ್ಲಕ್ಕೂ ಸುರಿದ ದುಡ್ಡು ನನ್ನದು’ ಎಂದರು. ಹೇಳಿ ಸುಮ್ಮನಾದರು. ಒಂದು ಗಳಿಗೆ ಕಳೆದು ಬುಟ್ಟಿಯನ್ನು ನನ್ನ ಕೈಗೆ ಕೊಟ್ಟು ಸಾಲಿನ ಕೊನೆಗೆ ಹೋಗಿ ನಿಂತರು. ಮುಕ್ಕಾಲು ಗಂಟೆ ಆ ಬುಟ್ಟಿಯನ್ನು ಹಿಡಿದುಕೊಂಡೇ ಕಾದೆ. ಅವರು ಶಾಯಿ ಹಚ್ಚಿದ ಬೆರಳು ತೋರಿಸುತ್ತಾ ಬಂದದ್ದು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ.

ಸುಧಾಕರ್ ಅವರೇ ಬಿಜೆಪಿಯಿಂದ ಗೆದ್ದರು. ಉಳಿದಿದ್ದ ಅವಧಿ ಹೆಚ್ಚುಕಡಿಮೆ ಮೂರೂವರೆ ವರ್ಷ. ಫೆಬ್ರುವರಿಯಲ್ಲಿ ಅವರು ವೈದ್ಯಕೀಯ ಶಿಕ್ಷಣ ಸಚಿವರಾದರು, ಮಾರ್ಚ್‌ನಲ್ಲಿ ಕೊರೊನಾ ಬಂತು. ‘ಉಳಿದ ಅವಧಿ ತಾನೇ’ ಎಂದು ಮನೆಯಲ್ಲಿ ಕುಳಿತವರು ಇದನ್ನು ಯೋಚಿಸಬೇಕು. ಉಳಿದ ಅವಧಿಯಲ್ಲಿ ಏನೂ ಬರಬಹುದು.

ಉಪಚುನಾವಣೆ ಬಂದಾಗ ಸಮಯ ಕಡಿಮೆ ಇರುತ್ತದೆ. ಗುರುತಿನ ಚೀಟಿ ಕೈಯಲ್ಲಿದ್ದರೆ ಸಾಲದು, ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇಲ್ಲದಿದ್ದರೆ ನಮೂನೆ 6 ತುಂಬಿಕೊಡಿ. ದಯವಿಟ್ಟು ಮತದಾನದ ಹಿಂದಿನ ದಿನದವರೆಗೆ ಕಾಯಬೇಡಿ, ಆಗ ಯಾರೂ ಏನೂ ಮಾಡಲಾಗದು. ನಮಸ್ಕಾರ.