ಐದರಿಂದ ಏಳು ನಿಮಿಷ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನಿವತ್ತು ನಿಮ್ಮ ಹತ್ತಿರ ಪರಿಸರದ ಮಾತಾಡುವುದಕ್ಕೂ ಸುಪ್ರೀಂ ಕೋರ್ಟಿಗೂ ನಂಟಿದೆ. ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಅರ್ಜಿಯ ಮೇಲೆ 1991ರ ನವೆಂಬರಿನಲ್ಲಿ ಬಂದ ತೀರ್ಪಿನಲ್ಲಿ, ರೇಡಿಯೋ ಮತ್ತು ಟೀವಿಯಲ್ಲಿ ದಿನಕ್ಕೆ ಐದರಿಂದ ಏಳು ನಿಮಿಷ ಪರಿಸರಕ್ಕೆ ಕೊಡುವ ಮಾತಿತ್ತು. ಟಾಕೀಸಿನವರು ಪ್ರತಿ ಆಟಕ್ಕೂ ಎರಡು ಸ್ಲೈಡನ್ನಾದರೂ ಪುಕ್ಕಟೆ ತೋರಿಸಬೇಕು, ಶಾಲೆ ಕಾಲೇಜಿನಲ್ಲಿ ಪರಿಸರ ಪಾಠ ಕಡ್ಡಾಯವಾಗಬೇಕು ಎಂದೂ ಇತ್ತು. ಪಾಠ ಬಂತು, ಅದಕ್ಕೆ ಅಂಕವೂ ಬಂತು. ಸ್ಲೈಡಿನ ಕಥೆ ಮಾತ್ರ ಕೇಳಬೇಡಿ. ಅದು ಪರದೆ ಮೇಲೆ ಬೀಳುವ ಹೊತ್ತಿಗೆ ನಾವೆಲ್ಲ ಕತ್ತಲಲ್ಲಿ ಸೀಟು ಹುಡುಕುತ್ತಿದ್ದೆವು!

ಆ ತೀರ್ಪಿಗೂ ಎಂಟು ವರ್ಷ ಹಿಂದಿನ ಮಾತು. 1983ರ ಸೆಪ್ಟೆಂಬರ್ 8. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಾಡಿಗೆ ನಡೆದು, ಕೊಡಲಿ ಬೀಳಲಿದ್ದ ಮರಗಳನ್ನು ಅಪ್ಪಿ ನಿಂತರು. ಹಿಮಾಲಯದಲ್ಲಿ ಮರ ಅಪ್ಪಿ ಉಳಿಸಿದ ಚಿಪ್ಕೋ ಚಳವಳಿ ನಮ್ಮಲ್ಲಿ ಅಪ್ಪಿಕೋ ಆದದ್ದು ಹೀಗೆ.

ಅವರಿಗೆ ಕಾಡಿನ ಮಹತ್ವವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಾಗಿರಲಿಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬರುವುದು ಬೆಟ್ಟದಿಂದ, ನೀರು ಬರುವುದೂ ಬೆಟ್ಟದಿಂದ. ಬೆಟ್ಟ ಬೋಳಾದರೆ ತೋಟ ಒಣಗುತ್ತದೆ. ಗೊತ್ತಿದ್ದೂ ಒಬ್ಬೊಬ್ಬರೇ ಸುಮ್ಮನಿದ್ದವರನ್ನು ಒಂದೆಡೆ ಸೇರಿಸುವುದಿದೆಯಲ್ಲ, ಕಷ್ಟ ಇದ್ದದ್ದು ಅಲ್ಲಿ. ಈ ಚಳವಳಿಯ ಮುಂದಾಳು ಪಾಂಡುರಂಗ ಹೆಗಡೆ ಮತ್ತು ಅವರ ಗೆಳೆಯರು ಊರಿಂದೂರಿಗೆ ಪಾದಯಾತ್ರೆ ಹೋದರು, ಸ್ಲೈಡ್ ತೋರಿಸಿದರು, ಬೀದಿ ನಾಟಕ ಆಡಿದರು. ಹೌದು, ಇಲ್ಲೂ ಸ್ಲೈಡೇ. ಆದರೆ ತೋರಿಸಿದವರು ಜನರ ನಡುವೆಯೇ ನಿಂತಿದ್ದರು, ಎದ್ದು ಪ್ರಶ್ನೆ ಕೇಳಿದರೆ ಉತ್ತರ ಸಿಗುತ್ತಿತ್ತು.

ಜತೆಗೆ ಯಕ್ಷಗಾನ. ಚಂಡೆಯ ಸದ್ದಿಗೆ ಕಿವಿಗೊಡದ ಮನೆ ಆ ಸೀಮೆಯಲ್ಲಿ ಎಲ್ಲಿದೆ? ಕರಪತ್ರ ಓದಲು ಅಕ್ಷರ ಬೇಕು, ಬಿಡುವೂ ಬೇಕು. ಆಟಕ್ಕಾದರೆ ಅಜ್ಜಿ ಮೊಮ್ಮಗನನ್ನು ಕರೆದುಕೊಂಡೇ ಬಂದು ಕೂರುತ್ತಾಳೆ. ವೇಷಧಾರಿ ಮಾತಿಗೆ ಮಾತು ಬೆಳೆಸುತ್ತ ಊರಿನ ಸುದ್ದಿಯನ್ನೂ ಅರ್ಥಗಾರಿಕೆಯಲ್ಲಿ ಪೋಣಿಸಬಲ್ಲ.

ಅಪ್ಪಿಕೋದವರ ಘೋಷಣೆಯೂ ಮೂರೇ ಮಾತು: ಉಳಿಸು, ಬೆಳೆಸು, ಬಳಸು. ನನಗೆ ಇಷ್ಟವಾಗುವುದು ಮೂರನೆಯದು. ಕಾಡನ್ನು ಮುಟ್ಟಲೇಬೇಡಿ ಎಂದಿದ್ದರೆ ಸೊಪ್ಪು, ಸೌದೆಗೆ ಬೆಟ್ಟ ಹತ್ತುವ ಹೆಣ್ಣುಮಕ್ಕಳು ಆವತ್ತೇ ಎದ್ದು ಹೋಗುತ್ತಿದ್ದರು. 'ಬಳಸು' ಎಂದದ್ದರಿಂದ ಕೂತು ಕೇಳಿದರು.

ನನ್ನ ಏಳು ನಿಮಿಷ ಇನ್ನೂ ಆಗಿಲ್ಲ, ಆದರೂ ನಿಲ್ಲಿಸುತ್ತೇನೆ. ನಿಮ್ಮ ಮನೆಯ ನಲ್ಲಿಗೆ ನೀರು ಯಾವ ಹೊಳೆಯಿಂದ, ಯಾವ ಕೆರೆಯಿಂದ ಬರುತ್ತದೆ? ರೇಡಿಯೋ ಆರಿಸಿ ಪಕ್ಕದಲ್ಲಿರುವ ಮಕ್ಕಳನ್ನೊಮ್ಮೆ ಕೇಳಿ ನೋಡಿ. ನಮಸ್ಕಾರ.